ಮಸ್ಟ್ಯಾಂಗ್‌ಗೆ ಕಾಸರಗೋಡಿನ ಮಳೆಯಲ್ಲಿ ಎಷ್ಟು ಅಗಲದ ಟಯರು? ನಾಲ್ಕು ಅಳತೆಗಳ ಪರಿಶೀಲನೆ

ತೀರ್ಪು ಮೊದಲೇ ಹೇಳಿಬಿಡೋಣ. ತಲಪಾಡಿಯಿಂದ ಕಾಲಿಕ್ಕಡವಿನ ತನಕದ ಹೆದ್ದಾರಿಯಲ್ಲೂ, ಒಳಗಡೆ ಮುಳ್ಳೇರಿಯ, ಪೆರ್ಲ, ಬಂದಡ್ಕದ ದಾರಿಗಳಲ್ಲೂ ವರ್ಷದ ಹನ್ನೆರಡು ತಿಂಗಳು ಓಡಬೇಕಾದ ವಿ8 ಎಂಜಿನಿನ ಫೋರ್ಡ್ ಮಸ್ಟ್ಯಾಂಗ್ ಜಿಟಿಗೆ ಮುಂದೆ 255, ಹಿಂದೆ 275 ಮಿ.ಮೀ. ಅಗಲದ ಟಯರು ಸರಿಯಾದ ಜೋಡಿ. ನಾಲ್ಕು ಸಿಲಿಂಡರಿನ 2.3 ಲೀಟರ್ ಇಕೋಬೂಸ್ಟ್ ಆದರೆ ನಾಲ್ಕು ಚಕ್ರಕ್ಕೂ 255. ಗಲ್ಫಿನಿಂದ ಕಾರ್ನೆಟ್ (ಗಾಡಿಯನ್ನು ತಾತ್ಕಾಲಿಕವಾಗಿ ಸುಂಕವಿಲ್ಲದೆ ತರುವ ಪರವಾನಗಿ) ಮೇಲೆ ಬರುವ ಕೆಲವು ಗಾಡಿಗಳ ಹಿಂಬದಿಯಲ್ಲಿ ಕಾಣುವ 305ರ ಟಯರು ನೋಡಲು ಚಂದ, ಆದರೆ ಜುಲೈ ತಿಂಗಳ ನಮ್ಮ ರಸ್ತೆಗೆ ಹೇಳಿ ಮಾಡಿಸಿದ್ದಲ್ಲ.

ಎಸ್550 ಎಂದು ಕರೆಯುವ ಈ ಆರನೇ ತಲೆಮಾರಿನ ಮಸ್ಟ್ಯಾಂಗ್ 2015ರ ಮಾದರಿಯಾಗಿ ಬಂದು 2023ರ ತನಕ ತಯಾರಾಯಿತು. ಕಾರ್ಖಾನೆಯಿಂದಲೇ ಬಲಬದಿಯ ಸ್ಟಿಯರಿಂಗ್‌ನೊಂದಿಗೆ ಹೊರಬಂದ ಮೊದಲ ಮಸ್ಟ್ಯಾಂಗ್ ಇದು. 2016ರಲ್ಲಿ ಭಾರತಕ್ಕೂ ಬಂತು. ಟಯರಿನ ಅಗಲದ ಲೆಕ್ಕ ಅರ್ಥವಾಗಬೇಕಿದ್ದರೆ ಈ ಕಾರನ್ನೇ ನೋಡಬೇಕು, ಯಾಕೆಂದರೆ ಒಂದೇ ಮೈಕಟ್ಟಿಗೆ ಕಂಪನಿಯೇ ಹಲವು ಅಗಲಗಳನ್ನು ಕೊಟ್ಟಿದೆ. ಸಾದಾ 18 ಇಂಚಿನ ರಿಮ್ಮಿಗೆ ನಾಲ್ಕೂ ಕಡೆ 235/50. ಇದರಲ್ಲಿ ಮೊದಲನೆಯದು ಮಿ.ಮೀ. ಲೆಕ್ಕದ ಅಗಲ, ಎರಡನೆಯದು ಟಯರಿನ ಗೋಡೆಯ ಎತ್ತರ ಅಗಲದ ಶೇಕಡಾ ಎಷ್ಟು ಎಂಬುದು; "ಆರ್" ಆದ ಮೇಲೆ ಬರುವುದು ರಿಮ್ಮಿನ ಇಂಚು. ಇಕೋಬೂಸ್ಟ್‌ನ ಪರ್ಫಾರ್ಮೆನ್ಸ್ ಪ್ಯಾಕಿಗೆ 9 ಇಂಚು ಅಗಲದ ರಿಮ್ಮಿನಲ್ಲಿ ನಾಲ್ಕೂ ಕಡೆ 255/40 ಆರ್19. ಜಿಟಿಯ ಪರ್ಫಾರ್ಮೆನ್ಸ್ ಪ್ಯಾಕಿಗೆ ಮುಂದೆ ಅದೇ 255/40, ಹಿಂದೆ 9.5 ಇಂಚಿನ ರಿಮ್ಮಿನಲ್ಲಿ 275/40 ಆರ್19. 2018ರ ಎರಡನೇ ಹಂತದ ಪರ್ಫಾರ್ಮೆನ್ಸ್ ಪ್ಯಾಕಿಗೆ ನಾಲ್ಕೂ ಕಡೆ 305/30 ಆರ್19, ಅದೂ ರೇಸ್ ಟ್ರ್ಯಾಕಿಗೆಂದೇ ಮಾಡಿದ ಮಿಶಲಿನ್ ಪೈಲಟ್ ಸ್ಪೋರ್ಟ್ ಕಪ್ 2.

ಅಗಲ ಹೆಚ್ಚಾದರೆ ನೆಲಕ್ಕೆ ತಾಗುವ ರಬ್ಬರ್ ಹೆಚ್ಚಾಗುತ್ತದೆ ಎಂಬ ಮಾತು ಟಯರ್ ಅಂಗಡಿಗಳಲ್ಲಿ ದಿನಾ ಕೇಳುತ್ತದೆ. ಲೆಕ್ಕ ಹಾಕಿದರೆ ಹಾಗಾಗುವುದಿಲ್ಲ. ಡ್ರೈವರ್ ಸೇರಿ ಒಂದು ಚಕ್ರದ ಮೇಲೆ 450 ಕೆ.ಜಿ. ಭಾರ ಅಂತ ಹಿಡಿಯಿರಿ. ಒಳಗಿರುವ ಗಾಳಿ 32 ಪಿಎಸ್‌ಐ, ಅಂದರೆ ಚದರ ಸೆಂಟಿಮೀಟರಿಗೆ 2.25 ಕೆ.ಜಿ. ಭಾಗಿಸಿದರೆ ನೆಲಕ್ಕೆ ತಾಗುವ ಜಾಗ ಸುಮಾರು 200 ಚದರ ಸೆಂ.ಮೀ. ಟಯರಿನ ಗೋಡೆಯ ಗಡಸುತನದಿಂದ ಸ್ವಲ್ಪ ಆಚೀಚೆ ಆಗಬಹುದು, ಆದರೆ 235 ಹಾಕಿದರೂ 305 ಹಾಕಿದರೂ ಈ 200 ಹೆಚ್ಚು ಬದಲಾಗುವುದಿಲ್ಲ. ಬದಲಾಗುವುದು ಆಕಾರ. 235ರಲ್ಲಿ ಆ ಜಾಗ 20 ಸೆಂ.ಮೀ. ಅಗಲ, 10 ಸೆಂ.ಮೀ. ಉದ್ದ. 305ರಲ್ಲಿ 27 ಸೆಂ.ಮೀ. ಅಗಲವಾಗಿ, ಉದ್ದ ಏಳೂವರೆಗೆ ಇಳಿಯುತ್ತದೆ.

ಒಣ ರಸ್ತೆಯಲ್ಲಿ ಆ ಗಿಡ್ಡ, ಅಗಲ ಆಕಾರದಿಂದ ಲಾಭ ಇದೆ. ತಿರುವಿನಲ್ಲಿ ಟಯರು ಬೇಗ ಹಿಡಿತಕ್ಕೆ ಬರುತ್ತದೆ, ಬಿಸಿ ಹೆಚ್ಚು ರಬ್ಬರಿಗೆ ಹಂಚಿಹೋಗುತ್ತದೆ, ಎಂಜಿನಿನ ಬಲ ಹಿಂದಿನ ಚಕ್ರಕ್ಕೆ ಬಂದಾಗ ತಡೆದುಕೊಳ್ಳುತ್ತದೆ. ಹಿಂಚಕ್ರ ಚಾಲನೆಯ ಕಾರಿನ ಹಿಂದಿನ ಟಯರಿಗೆ ಎರಡು ಕೆಲಸ: ಗಾಡಿಯನ್ನು ನೂಕುವುದು, ತಿರುವಿನಲ್ಲಿ ಬಾಲ ಹೊರಗೆ ಹೋಗದ ಹಾಗೆ ಹಿಡಿಯುವುದು. ಅದಕ್ಕೇ ಹಿಂದೆ ಅಗಲ ಜಾಸ್ತಿ. ಆದರೆ ಇದೇ ಆಕಾರಕ್ಕೆ ಇನ್ನೊಂದು ಗುಣವೂ ಇದೆ: ಹಿಡಿತ ತಪ್ಪುವಾಗ ಅದು ಮುನ್ಸೂಚನೆ ಕೊಡುವುದು ಕಡಿಮೆ. ಸಪೂರ ಟಯರು ಮೆಲ್ಲನೆ ಜಾರಲು ಶುರುಮಾಡಿ ಸ್ಟಿಯರಿಂಗ್‌ನಲ್ಲಿ ತಿಳಿಸುತ್ತದೆ. ಅಗಲದ್ದು ಕೊನೆಯ ತನಕ ಹಿಡಿದಿದ್ದು ಒಮ್ಮೆಲೇ ಬಿಡುತ್ತದೆ.

ನೀರು ಬಂದಾಗ ಲೆಕ್ಕ ಪೂರಾ ತಿರುಗುತ್ತದೆ. ಟಯರಿನ ಎದುರು ಬಂದ ನೀರನ್ನು ಹೂಡುಗಳ (ಟಯರಿನ ಮೈಮೇಲಿನ ಗೀರುಗಳ) ಮೂಲಕ ಬದಿಗೋ ಹಿಂದಕ್ಕೋ ದೂಡಲು ಸಮಯ ಬೇಕು. ಗಂಟೆಗೆ 80 ಕಿ.ಮೀ. ಅಂದರೆ ಸೆಕೆಂಡಿಗೆ 22 ಮೀಟರ್. 10 ಸೆಂ.ಮೀ. ಉದ್ದದ ಹೆಜ್ಜೆಗೆ ಸಿಗುವ ಸಮಯ ನಾಲ್ಕೂವರೆ ಮಿಲಿಸೆಕೆಂಡ್. ಏಳೂವರೆ ಸೆಂ.ಮೀ. ಉದ್ದಕ್ಕೆ ಮೂರೂವರೆ ಮಿಲಿಸೆಕೆಂಡಿಗೂ ಕಡಿಮೆ. ಅಷ್ಟರಲ್ಲಿ 305ರ ನಡುಭಾಗದ ನೀರು ಹೆಚ್ಚು ದೂರ ಸಾಗಿ ಅಂಚು ಮುಟ್ಟಬೇಕು. ಅಷ್ಟು ಹೊತ್ತು ಸಿಗದಿದ್ದರೆ ಟಯರು ನೀರಿನ ಮೇಲೆ ಏರುತ್ತದೆ.

ವಿಮಾನದ ಟಯರುಗಳ ಮೇಲೆ ನಾಸಾ 1960ರ ದಶಕದಲ್ಲಿ ಮಾಡಿದ ಪರೀಕ್ಷೆಗಳಿಂದ ಬಂದ ಒಂದು ಸೂತ್ರ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಪಿಎಸ್‌ಐ ಲೆಕ್ಕದ ಗಾಳಿಯ ವರ್ಗಮೂಲವನ್ನು 16.7ರಿಂದ ಗುಣಿಸಿದರೆ, ಹೂಡು ಸವೆದ ಟಯರು ನಿಂತ ನೀರಿನಲ್ಲಿ ತೇಲಲು ತೊಡಗುವ ವೇಗ ಕಿ.ಮೀ.ನಲ್ಲಿ ಸಿಗುತ್ತದೆ. 32 ಪಿಎಸ್‌ಐಗೆ 94 ಕಿ.ಮೀ., 25ಕ್ಕೆ ಇಳಿದರೆ 83. ಒಳ್ಳೆಯ ಹೂಡು ಇದ್ದರೆ ಇದಕ್ಕಿಂತ ಮೇಲೆ, ಆದರೆ ಗಾಳಿ ಕಡಿಮೆಯಾದರೆ ಎಲ್ಲ ಅಗಲಕ್ಕೂ ಕೇಡು ಎಂಬುದು ಇದರಿಂದ ಗೊತ್ತಾಗುತ್ತದೆ.

ಗಲ್ಫ್ ಗಾಡಿಗಳಲ್ಲಿ ಇದು ಬಹಳ ಸಲ ತಪ್ಪುತ್ತದೆ. ಸುಮಾರು ಐದೂವರೆ ಡಿಗ್ರಿ ಸೆಲ್ಸಿಯಸ್ ಇಳಿದರೆ ಟಯರಿನ ಗಾಳಿ 1 ಪಿಎಸ್‌ಐ ಇಳಿಯುತ್ತದೆ. 42 ಡಿಗ್ರಿ ಸೆಖೆಯಲ್ಲಿ 32 ತುಂಬಿಸಿದ ಟಯರು ಇಲ್ಲಿಯ ಮಳೆಗಾಲದ 25 ಡಿಗ್ರಿಯಲ್ಲಿ 29 ತೋರಿಸುತ್ತದೆ. ಒಟ್ಟೆ ಇಲ್ಲ, ವಾಲ್ವ್ ಸೋರುವುದಿಲ್ಲ, ಆದರೂ ಮೂರು ಪಿಎಸ್‌ಐ ಇಲ್ಲ. ಗಾಡಿ ಊರಿಗೆ ತಲುಪಿದ ಮರುದಿನ ಬೆಳಿಗ್ಗೆ, ಓಡಿಸುವ ಮೊದಲು, ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದಷ್ಟು ಗಾಳಿ ಹೊಡೆಸಬೇಕು. ನೈಟ್ರೋಜನ್ ಬೇಕೆಂದಿಲ್ಲ. ಮೀಟರ್ ಸರಿ ಇರುವ ಪಂಪು ಬೇಕು, ಅಷ್ಟೆ.

ಈಗ ಒಂದೊಂದೇ ಅಳತೆ.

235/50 ಆರ್18ನ್ನು ಜನ ಕಡೆಗಣಿಸುತ್ತಾರೆ, ಅದು ಸರಿಯಲ್ಲ. ಗೋಡೆಯ ಎತ್ತರ 117 ಮಿ.ಮೀ. ಇರುವುದರಿಂದ ಹೊಂಡಕ್ಕೆ ಬಿದ್ದರೆ ರಿಮ್ಮಿಗೆ ಪೆಟ್ಟು ತಾಗುವುದು ಕಡಿಮೆ. ಚೆರ್ಕಳದಿಂದ ಜಾಲ್ಸೂರಿನ ಕಡೆಗಾಗಲಿ, ಬದಿಯಡ್ಕ ದಾಟಿ ಅಡ್ಕಸ್ಥಳದ ಕಡೆಗಾಗಲಿ ಮಳೆಯಲ್ಲಿ ಹೋಗುವಾಗ ಡಾಮರಿನ ಮೇಲೆ ಹರಿದ ಕೆಂಪು ಮಣ್ಣಿನ ಮೇಲೂ ಇದು ನೆಲ ಹುಡುಕಿ ಹಿಡಿಯುತ್ತದೆ. ನಾಲ್ಕೂ ಒಂದೇ ಅಳತೆ, ಆದ್ದರಿಂದ ಮುಂದಿನದ್ದು ಹಿಂದಕ್ಕೆ ಬದಲಿಸಿ ಸಮಾನವಾಗಿ ಸವೆಸಬಹುದು. ಕೊರತೆ ಒಂದೇ: 5 ಲೀಟರ್ ವಿ8ನ ಬಲಕ್ಕೆ ಹಿಂದೆ ಇದು ಸಾಲದು. ಎರಡನೇ ಗೇರಿನಲ್ಲಿ ಒದ್ದೆ ರಸ್ತೆಯ ಮೇಲೆ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಟ್ರ್ಯಾಕ್ಷನ್ ಕಂಟ್ರೋಲಿನ ದೀಪ ಮಿನುಗುತ್ತಲೇ ಇರುತ್ತದೆ. ಇಕೋಬೂಸ್ಟ್‌ಗೆ, ಊರೊಳಗೆ ಸಮಾಧಾನದಲ್ಲಿ ಓಡಿಸುವವರಿಗೆ, ಧಾರಾಳ ಸಾಕು.

255/40 ಆರ್19 ನಾಲ್ಕೂ ಕಡೆ ಹಾಕಿದರೆ ಈ ಕಾರು ತಿರುವಿಗೆ ಇಳಿಯುವ ರೀತಿಯೇ ಬೇರೆ. ಮೂತಿ ಹೇಳಿದ ಕಡೆ ಹೋಗುತ್ತದೆ. ಮುಂದೆ ವಿ8 ಇರುವ ಭಾರದ ಮೂತಿಯ ಗಾಡಿಗೆ ಮುಂದಿನ ಟಯರು ಸಪೂರವಾಗಿ ಹಿಂದಿನದ್ದು ಮಾತ್ರ ಅಗಲವಾದರೆ, ತಿರುವಿನಲ್ಲಿ ಸ್ಟಿಯರಿಂಗ್ ತಿರುಗಿಸಿದರೂ ಕಾರು ನೇರಕ್ಕೇ ನೂಕುತ್ತದೆ. ನಾಲ್ಕೂ ಸಮ ಇದ್ದರೆ ಆ ನೂಕು ಇಲ್ಲ. ಎರಡೇ ಹೊಸ ಟಯರು ಕೊಳ್ಳುವ ಸಂದರ್ಭ ಬಂದರೆ ಹೊಸದು ಯಾವತ್ತೂ ಹಿಂದಕ್ಕೆ ಹೋಗಬೇಕು. ಮುಂದಿನದ್ದು ನೀರಿನ ಮೇಲೆ ಜಾರಿದರೆ ಕಾಲು ತೆಗೆದು ಸುಧಾರಿಸಬಹುದು. ಹಿಂದಿನದ್ದು ಮೊದಲು ಜಾರಿದರೆ ಗಾಡಿ ಗಿರಕಿ ಹೊಡೆಯುತ್ತದೆ.

255 ಮತ್ತು 275ರ ಜೋಡಿಯಲ್ಲಿ 20 ಮಿ.ಮೀ. ವ್ಯತ್ಯಾಸ ಇದೆ. ಈ ವ್ಯತ್ಯಾಸವೇ ಕಾರಿನ ಸ್ವಭಾವವನ್ನು ನಿರ್ಧರಿಸುವುದು. ಹೋಂಡಾ ಎಸ್2000ವನ್ನು ನೋಡಿ. ಮೊದಲ ಮಾದರಿಯಲ್ಲಿ ಮುಂದೆ 205/55 ಆರ್16, ಹಿಂದೆ 225/50 ಆರ್16. ಬಾಲ ಒಮ್ಮೆಲೇ ಹೊರಗೆ ಹಾರುತ್ತದೆ ಎಂಬ ದೂರು ಬಂದದ್ದಕ್ಕೆ 2004ರ ಮಾದರಿಯಲ್ಲಿ ಸಸ್ಪೆನ್ಷನ್ ಬದಲಾವಣೆಯ ಜೊತೆಗೆ 215/45 ಆರ್17 ಮತ್ತು 245/40 ಆರ್17 ಆಯಿತು; ವ್ಯತ್ಯಾಸ 20ರಿಂದ 30ಕ್ಕೆ ಏರಿತು. ಪೋರ್ಷೆ 718 ಕೇಮನ್‌ಗೆ 18, 19, 20 ಇಂಚಿನ ರಿಮ್ಮು ಯಾವುದು ತೆಗೆದುಕೊಂಡರೂ ಮುಂದೆ 235, ಹಿಂದೆ 265. ಗೋಡೆಯ ಎತ್ತರ ಮಾತ್ರ ಬೇರೆ. ಎಂಜಿನಿಯರುಗಳು ಅಗಲ ಮೊದಲು ಗೊತ್ತುಮಾಡಿ ರಿಮ್ಮು ಆಮೇಲೆ ಆರಿಸಿದ್ದಾರೆ. ನಮ್ಮಲ್ಲಿ ಹೆಚ್ಚಿನವರು ಮಾಡುವುದು ಇದರ ತಿರುಗಾಮುರುಗ: ಮೊದಲು ಕಣ್ಣಿಗೆ ಹಿಡಿಸಿದ ಅಲಾಯ್, ಆಮೇಲೆ ಅದಕ್ಕೆ ಕೂತುಕೊಳ್ಳುವ ಟಯರು.

ಈ ಜೋಡಿಯ ಸುತ್ತಳತೆಯಲ್ಲೂ ಒಂದು ಸೂಕ್ಷ್ಮ ಇದೆ. 255/40 ಆರ್19ರ ಒಟ್ಟು ಎತ್ತರ 686.6 ಮಿ.ಮೀ., 275/40 ಆರ್19ರದ್ದು 702.6. ಹಿಂದಿನ ಚಕ್ರ ಮುಂದಿನದ್ದಕ್ಕಿಂತ ಶೇ. 2.3ರಷ್ಟು ದೊಡ್ಡದು, ಅದು ಕಂಪನಿಯ ಲೆಕ್ಕದೊಳಗೇ ಇದೆ. ಆದರೆ ಅಂಗಡಿಯಲ್ಲಿ 275/40 ಇಲ್ಲವೆಂದು 275/35 ಹಾಕಿಸಿಕೊಂಡರೆ ಎತ್ತರ 675.1ಕ್ಕೆ ಇಳಿಯುತ್ತದೆ. ಹಿಂಬದಿ ಸುಮಾರು 14 ಮಿ.ಮೀ. ಕುಸಿಯಿತು. ಅದಕ್ಕಿಂತ ದೊಡ್ಡ ತೊಂದರೆ ಏನೆಂದರೆ, ಮುಂದಿನದ್ದಕ್ಕಿಂತ ನಿಧಾನ ತಿರುಗಬೇಕಾದ ಹಿಂದಿನ ಚಕ್ರ ಈಗ ಬೇಗ ತಿರುಗುತ್ತದೆ. ಚಕ್ರದ ವೇಗ ಅಳೆಯುವ ಸೆನ್ಸರುಗಳಿಗೆ ಹಿಂಬದಿ ಜಾರುತ್ತಿದೆ ಎಂದು ಕಾಣುತ್ತದೆ. ಟ್ರ್ಯಾಕ್ಷನ್ ಕಂಟ್ರೋಲ್ ಬೇಡದ ಕಡೆ ಎಂಜಿನಿನ ಬಲ ಕತ್ತರಿಸಬಹುದು. "ಐದರ ವ್ಯತ್ಯಾಸ ಅಷ್ಟೇ ಅಲ್ಲವಾ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ಐದು ಮಿಲಿಮೀಟರ್ ಅಲ್ಲ, ಅಗಲದ ಶೇ. 5.

305/30 ಆರ್19 ಬಗ್ಗೆ ನೇರವಾಗಿ ಹೇಳಬೇಕು. 2018ರಲ್ಲಿ ಫೋರ್ಡ್ ಇದನ್ನು ಕೊಟ್ಟದ್ದು ಮುಂದೆ 10.5, ಹಿಂದೆ 11 ಇಂಚಿನ ರಿಮ್ಮಿನ ಮೇಲೆ, ಅದಕ್ಕೆ ತಕ್ಕ ಸಸ್ಪೆನ್ಷನ್ ಜೊತೆಗೆ. ಆ ಕಾರಿನಲ್ಲಿ, ಒಣ ಟ್ರ್ಯಾಕಿನಲ್ಲಿ, ಅದು ಅದ್ಭುತ. ಅದೇ 305ನ್ನು 9.5 ಇಂಚಿನ ಹಳೆಯ ರಿಮ್ಮಿಗೆ ಎಳೆದು ಕೂರಿಸಿದರೆ ಗೋಡೆಗಳು ಒಳಗೆ ಹಿಂಡಿ, ನಡುಭಾಗ ಉಬ್ಬಿ, ನೆಲಕ್ಕೆ ತಾಗುವುದು ನಡುವಿನ ಪಟ್ಟಿ ಮಾತ್ರ. ನಡು ಬೇಗ ಸವೆಯುತ್ತದೆ, ತಿರುವಿನಲ್ಲಿ ಗೋಡೆ ಓಲಾಡುತ್ತದೆ. ಅಗಲಕ್ಕೆ ಕೊಟ್ಟ ದುಡ್ಡಿನ ಅರ್ಧ ರಬ್ಬರು ಕೆಲಸಕ್ಕೇ ಬರುವುದಿಲ್ಲ. ಜೊತೆಗೆ ಕಪ್ 2 ಮಾದರಿಯ ರಬ್ಬರು ಬಿಸಿಯಾದ ಮೇಲೆ ಹಿಡಿಯುವಂಥದ್ದು. ಮಳೆ ಬಿದ್ದು ತಣ್ಣಗಾದ ಡಾಮರಿನಲ್ಲಿ ಅದು ಬಿಸಿಯಾಗುವ ಮೊದಲೇ ಮನೆ ಬಂದಿರುತ್ತದೆ. ಗೋಡೆಯ ಎತ್ತರ 91 ಮಿ.ಮೀ. ಮಾತ್ರ, ನೀರು ತುಂಬಿ ಕಾಣದ ಹೊಂಡಕ್ಕೆ ಬಿದ್ದರೆ ಹೊಂಡದ ಅಂಚಿಗೂ ರಿಮ್ಮಿಗೂ ನಡುವೆ ಸಿಕ್ಕಿ ಒಳಗಿನ ನೂಲು ಕಡಿಯುತ್ತದೆ. ಎರಡು ದಿನದಲ್ಲಿ ಗೋಡೆಯ ಮೇಲೆ ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದ ಟಯರಿಗೆ ರಿಪೇರಿ ಇಲ್ಲ.

ರಿಮ್ಮಿನ ಅಗಲಕ್ಕೆ ಎಷ್ಟು ಟಯರು ಎಂಬ ಮಿತಿ ಇದು: 235/50ಕ್ಕೆ 6.5ರಿಂದ 8.5 ಇಂಚು, 255/40ಕ್ಕೆ 8.5ರಿಂದ 10, 275/40ಕ್ಕೆ 9ರಿಂದ 11, 305/30ಕ್ಕೆ 10.5ರ ಕೆಳಗೆ ಬೇಡ. ರಿಮ್ಮು ಅರ್ಧ ಇಂಚು ಹಿಗ್ಗಿದರೆ ಅದೇ ಟಯರಿನ ಮೈ 5 ಮಿ.ಮೀ. ಹಿಗ್ಗುತ್ತದೆ. ರಿಮ್ಮಿನ ಅಗಲ ಊಹಿಸಬೇಕಿಲ್ಲ, ಕಡ್ಡಿಯ ಹಿಂಬದಿಯಲ್ಲಿ "19" ಜೊತೆಗೆ "9ಜೆ" ಅಥವಾ "9.5ಜೆ" ಎಂದು ಎರಕದಲ್ಲೇ ಬಂದಿರುತ್ತದೆ.

ಬೇಕಾದ ಅಳತೆ ಸಿಗುವುದು ಸುಲಭವಲ್ಲ. 2020ರ ಜೂನ್‌ನಿಂದ ಹೊಸ ಟಯರುಗಳ ಆಮದಿಗೆ ಲೈಸನ್ಸ್ ಬೇಕಾಗಿದೆ, ಐಎಸ್‌ಐ ಗುರುತೂ ಕಡ್ಡಾಯ. ಹಾಗಾಗಿ ಬೇರೆ ದೇಶದಲ್ಲಿ ಇರುವ ಎಲ್ಲ ಮಾದರಿ ಇಲ್ಲಿಗೆ ಬರುವುದಿಲ್ಲ. ಮಂಗಳೂರಿನ ದೊಡ್ಡ ಅಂಗಡಿಗಳಲ್ಲಿ 275/40 ಆರ್19 ಕೇಳಿದರೆ ಕೆಲವೊಮ್ಮೆ ತಕ್ಷಣ ತಂದು ತೋರಿಸುತ್ತಾರೆ. ಖುಷಿಪಡುವ ಮೊದಲು ಟಯರಿನ ಗೋಡೆ ಓದಿ. ಇದೇ ಅಳತೆ ಮರ್ಸಿಡಿಸ್ ಎಸ್ ಕ್ಲಾಸ್, ಬಿಎಂಡಬ್ಲ್ಯು 7 ಸರಣಿಯ ಹಿಂಬದಿಗೂ ಬರುತ್ತದೆ. "ಎಂಒ" ಗುರುತು ಮರ್ಸಿಡಿಸಿನದ್ದು, ನಕ್ಷತ್ರದ ಗುರುತು ಬಿಎಂಡಬ್ಲ್ಯುನದ್ದು. ಅವು ಸುಖ ಪ್ರಯಾಣಕ್ಕೆ ಮಾಡಿದವು, ಕೆಲವು ರನ್‌ಫ್ಲಾಟ್ (ಗಾಳಿ ಹೋದರೂ ಸ್ವಲ್ಪ ದೂರ ಓಡುವಂಥವು). ಹಿಂದೆ ಅಂಥದ್ದು ಹಾಕಿ ಮುಂದೆ ಪೈಲಟ್ ಸ್ಪೋರ್ಟ್ 4 ಎಸ್‌ನಂಥ ಹೆಚ್ಚು ಹಿಡಿತದ ಟಯರು ಇದ್ದರೆ, ಬಲ ಹೋಗುವ ಹಿಂಬದಿಗೇ ಹಿಡಿತ ಕಡಿಮೆ. ಹಿಂಚಕ್ರ ಚಾಲನೆಯ ಕಾರಿಗೆ ಇದಕ್ಕಿಂತ ಕೆಟ್ಟ ಜೋಡಣೆ ಇಲ್ಲ. ನಾಲ್ಕೂ ಒಂದೇ ಕಂಪನಿ, ಒಂದೇ ಮಾದರಿ ಇರಲಿ. ಅದು ಸಿಗುವ ಅಗಲವನ್ನೇ ಆರಿಸಿ. 275ರಲ್ಲಿ ಮಾದರಿ ಸಿಗದೆ 255ರಲ್ಲಿ ನಾಲ್ಕೂ ಸಿಗುವುದಾದರೆ, 9.5 ಇಂಚಿನ ಹಿಂದಿನ ರಿಮ್ಮಿಗೂ 255/40 ಮಿತಿಯೊಳಗೇ ಕೂರುತ್ತದೆ.

ನಾಲ್ಕು ಅಂಕೆಯ ತಯಾರಿ ಸಂಖ್ಯೆಯನ್ನೂ ನೋಡಬೇಕು. 2319 ಎಂದಿದ್ದರೆ 2019ರ 23ನೇ ವಾರ. ಟಯರಿನ ಅಳತೆಯ ಬದಿಯಲ್ಲಿ ಭಾರದ ಸೂಚ್ಯಂಕ: 96 ಎಂದರೆ 710 ಕೆ.ಜಿ., 100 ಎಂದರೆ 800 ಕೆ.ಜಿ. ವೇಗಕ್ಕೆ ಡಬ್ಲ್ಯು 270 ಕಿ.ಮೀ., ವೈ 300 ಕಿ.ಮೀ. ಚೀಟಿಯಲ್ಲಿ ಇರುವುದಕ್ಕಿಂತ ಕೆಳಗಿನದ್ದು ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿಯ ಅಳತೆ ಮೀರಿದ ಬದಲಾವಣೆಗೆ ಅವಕಾಶ ಕೊಡುವುದಿಲ್ಲ ಎಂಬುದನ್ನೂ ಮರೆಯಬಾರದು. ಫೆಂಡರಿನಿಂದ ಹೊರಚಾಚಿದ ಟಯರು ಚೆಕ್‌ಪೋಸ್ಟಿನಲ್ಲಿ ದೂರದಿಂದಲೇ ಕಾಣುತ್ತದೆ.

ಜೋಡಿಸುವ ಕೆಲಸದಲ್ಲಿ ಸಣ್ಣ ಪೇಟೆಯ ಅಂಗಡಿಗಳು ಎಡವುವುದು ಇಂಥ ಕಡೆ. ಸಾದಾ ಮೆಷಿನ್‌ನಲ್ಲಿ ಗಿಡ್ಡ ಗೋಡೆಯ ಟಯರು ಏರಿಸಲು ಕಬ್ಬಿಣದ ಪಟ್ಟಿ ಹಾಕಿ ಒತ್ತಿದರೆ ರಿಮ್ಮಿನ ತುಟಿ ಗೀರುತ್ತದೆ, ಟಯರಿನ ಅಂಚಿನ ತಂತಿಗೂ ಏಟು. ಹೆಚ್ಚುವರಿ ತೋಳು ಇರುವ ಮೆಷಿನ್ ಇದೆಯೇ ಎಂದು ಮೊದಲೇ ಕೇಳಿ. ಈ ಕಾರಿನ ಗಾಳಿಯ ಸೆನ್ಸರ್ ವಾಲ್ವ್ ಬುಡದಲ್ಲೇ ಇರುತ್ತದೆ. ಟಯರು ಬಿಡಿಸುವ ಸಲಿಕೆ ಆ ಜಾಗಕ್ಕೆ ಒತ್ತಿದರೆ ಸೆನ್ಸರ್ ಪುಡಿ. ಹೊರಗಿನ ಅಲಾಯ್ ಹಾಕುವುದಾದರೆ ನಟ್ಟಿನ ವೃತ್ತ 5x114.3, ನಡುವಿನ ತೂತು 70.5 ಮಿ.ಮೀ. ತೂತು ದೊಡ್ಡದಿದ್ದರೆ ನಡುವೆ ಉಂಗುರ ಬೇಕು. ಇಲ್ಲದಿದ್ದರೆ 80ರಿಂದ 100ರ ವೇಗದಲ್ಲಿ ಸ್ಟಿಯರಿಂಗ್ ನಡುಗುತ್ತದೆ, ಎಷ್ಟು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗುವುದಿಲ್ಲ. ನಟ್ಟು ಬಿಗಿಯುವ ಬಲ 204 ನ್ಯೂಟನ್ ಮೀಟರ್. ಗಾಳಿ ಗನ್ನಿನಿಂದ ಕೊನೆಯ ತನಕ ಬಿಗಿಯಲು ಬಿಡಬೇಡಿ. ಕೈಯಲ್ಲಿ ತಿರುಗಿಸಿ ಕೂರಿಸಿ, ಎದುರುಬದುರಾಗಿ ಟಾರ್ಕ್ ಪಾನದಿಂದ ಬಿಗಿಸಿ, 100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ನೋಡಬೇಕು. ಕಾಸರಗೋಡಿನಿಂದ ಮಂಗಳೂರಿಗೆ ಹೋಗಿ ಬಂದರೆ ಅಷ್ಟಾಯಿತು.

ಹಿಂದಿನ ಎರಡು ಟಯರು ಯಾವತ್ತೂ ಜೋಡಿಯಾಗಿಯೇ ಬದಲಾಗಬೇಕು. ಜಿಟಿಗೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಗಳ ವೇಗದ ವ್ಯತ್ಯಾಸಕ್ಕೆ ಮಿತಿ ಹಾಕುವ ಭಾಗ) ಇದೆ. ಒಂದು ಹೊಸತು, ಒಂದು ಸವೆದದ್ದು ಇದ್ದರೆ ಎರಡರ ಸುತ್ತಳತೆ ಬೇರೆಯಾಗಿ ಅದರೊಳಗಿನ ಭಾಗಗಳು ನೇರ ರಸ್ತೆಯಲ್ಲೂ ಉಜ್ಜಿ ಬಿಸಿಯಾಗುತ್ತವೆ. ಒಟ್ಟೆಯಾದರೆ ನೆಲಕ್ಕೆ ತಾಗುವ ಭಾಗಕ್ಕೆ ಮಾತ್ರ ಪಂಕ್ಚರ್, ಅದೂ ಟಯರು ಬಿಚ್ಚಿ ಒಳಗಿನಿಂದ ಅಂಟಿಸುವಂಥದ್ದು. ಹೊರಗಿನಿಂದ ತುರುಕುವ ರಬ್ಬರ್ ಬತ್ತಿ ಅಂಗಡಿಗೆ ತಲುಪುವ ತನಕ ಮಾತ್ರ.

ಹೂಡಿನ ಆಳ 1.6 ಮಿ.ಮೀ. ಇರಬೇಕು ಎಂದು ಕಾನೂನು. 255 ಮತ್ತು ಅದಕ್ಕಿಂತ ಅಗಲದ ಟಯರಿಗೆ ನಮ್ಮ ಜಡಿಮಳೆಯಲ್ಲಿ ಅದು ಏನೇನೂ ಸಾಲದು, 3 ಮಿ.ಮೀ.ಗೆ ಇಳಿದಾಗಲೇ ತೆಗೆಯಬೇಕು. ಮೇ ಕೊನೆಗೆ ಬರುವ ಪತ್ತನಾಜೆಯ ಮೊದಲೇ ಅಳೆದು ನೋಡುವುದು ಒಳ್ಳೆಯದು, ನಡುವಿನಲ್ಲಿ ಮಾತ್ರವಲ್ಲ, ಒಳಅಂಚಿನಲ್ಲೂ. ಅಲೈನ್‌ಮೆಂಟ್ ತಪ್ಪಿದ ಹಿಂದಿನ ಚಕ್ರ ಒಳಅಂಚನ್ನೇ ತಿನ್ನುತ್ತದೆ, ಹೊರಗಿನಿಂದ ನೋಡಿದರೆ ಟಯರು ಹೊಸದರಂತೆಯೇ ಕಾಣುತ್ತದೆ.

ಯಜಮಾನರು ಗಲ್ಫಿನಲ್ಲಿದ್ದು ಗಾಡಿ ವರ್ಷದ ಹತ್ತು ತಿಂಗಳು ಶೆಡ್ಡಿನಲ್ಲೇ ನಿಲ್ಲುವ ಮನೆಗಳು ಇಲ್ಲಿ ಬಹಳ. ಅಂಥ ಗಾಡಿಯ ಟಯರಿಗೆ ಹೂಡು ಉಳಿದಿದ್ದರೂ ಆರು ವರ್ಷ ದಾಟಿದರೆ ರಬ್ಬರು ಗಟ್ಟಿಯಾಗಿರುತ್ತದೆ, ಒದ್ದೆಯಲ್ಲಿ ಜಾರುತ್ತದೆ, ಬದಲಿಸಲೇಬೇಕು. ನಿಲ್ಲಿಸಿ ಹೋಗುವಾಗ ಐದಾರು ಪಿಎಸ್‌ಐ ಹೆಚ್ಚು ತುಂಬಿಸಿದರೆ ಅಡಿ ಚಪ್ಪಟೆಯಾಗುವುದು ಕಡಿಮೆ. ತಿಂಗಳಿಗೊಮ್ಮೆ ಮನೆಯವರು ಅರ್ಧ ಸುತ್ತು ಮುಂದೆ ದೂಡಿ ನಿಲ್ಲಿಸಿದರೆ ಇನ್ನೂ ಒಳ್ಳೆಯದು. ರಜೆಗೆ ಬಂದವರು ಆ ಹೆಚ್ಚಿನ ಗಾಳಿ ಇಳಿಸಿ ಚೀಟಿಯ ಲೆಕ್ಕಕ್ಕೆ ತಂದ ಮೇಲೆಯೇ ಗಾಡಿ ಗೇಟು ದಾಟಿಸಬೇಕು.